ಒಳಗೇ ಉಳಿದ ವೈರು

ಪೇಸ್‌ಮೇಕರ್ ಇದೆ ಎಂದು ಗೊತ್ತಾದ ಕೂಡಲೇ ಜನ ಬ್ಯಾಟರಿಯ ಬಗ್ಗೆ ಕೇಳುತ್ತಾರೆ. ಎಷ್ಟು ವರ್ಷ ಬರುತ್ತೆ, ಚಾರ್ಜ್ ಮಾಡ್ಬೇಕಾ, ರಾತ್ರಿ ಮಲಗಿದ್ದಾಗ ಖಾಲಿಯಾದ್ರೆ ಏನ್ ಗತಿ? ವೈರಿನ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ. ಹಾಗೆ ನೋಡಿದರೆ ಬ್ಯಾಟರಿ ಬದಲಿಸುವುದೇ ಸುಲಭದ ಕೆಲಸ. ಅದರ ಪೆಟ್ಟಿಗೆ ಎಡಭುಜದ ಕೆಳಗೆ, ಚರ್ಮದಡಿಯ ಒಂದು ಜೇಬಿನಲ್ಲಿ ಕೂತಿರುತ್ತದೆ. ಹಳೆಯ ಗಾಯದ ಗೆರೆಯ ಮೇಲೆ ಕೊಯ್ದು, ಹಳೆಯದನ್ನು ತೆಗೆದು, ಹೊಸದನ್ನು ಇಟ್ಟು ಹೊಲಿದರೆ ಮುಗಿಯಿತು. ನನಗೆ ಇಪ್ಪತ್ತೈದರಲ್ಲಿ ಅದಾಯಿತು, ಮಾರನೆಯ ದಿನ ಕಳಸದ ಬಸ್ಸು ಹತ್ತಿದ್ದೆ. ವೈರಿನ ಕತೆ ಬೇರೆ. ಅದು ಪೆಟ್ಟಿಗೆಯಿಂದ ಹೊರಟು, ಕಾಲರ್ ಬೋನಿನ ಅಡಿಯಲ್ಲಿ ರಕ್ತನಾಳದೊಳಗೆ ಇಳಿದು, ಹೃದಯದ ಬಲಗಡೆಯ ಕೆಳಕೋಣೆಯ ಗೋಡೆಯನ್ನು ತನ್ನ ತುದಿಯ ಪುಟ್ಟ ಸ್ಕ್ರೂವಿನಿಂದ ಕಚ್ಚಿ ಹಿಡಿದಿರುತ್ತದೆ. ಆಸ್ಪತ್ರೆಯವರು ಲೀಡ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ವೈರು.

ನನ್ನ ವೈರು ಹನ್ನೆರಡನೆಯ ವರ್ಷಕ್ಕೆ ತುಂಡಾಯಿತು. ಅದನ್ನು ಬದಲಿಸಿದ ಬಗ್ಗೆ ಬರೆಯುತ್ತಿದ್ದೇನೆ. ಬದಲಿಸಿದ ಎನ್ನುವ ಮಾತು ಎಷ್ಟು ಸರಿ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಯಿಲೆಯನ್ನು ಹೇಳಿಬಿಡಬೇಕು, ಏಕೆಂದರೆ ಅದರ ಹೆಸರೇ ದಾರಿ ತಪ್ಪಿಸುತ್ತದೆ. ಕಂಪ್ಲೀಟ್ ಹಾರ್ಟ್ ಬ್ಲಾಕ್. 'ಬ್ಲಾಕ್' ಎಂದ ಕೂಡಲೇ ಎದುರಿನವರು, 'ಸ್ಟೆಂಟ್ ಹಾಕಿದ್ರಾ?' ಎನ್ನುತ್ತಾರೆ. ನಮ್ಮ ಕಡೆ ಹೃದಯದ ಕಾಯಿಲೆಯೆಂದರೆ ಹಠಾತ್ತಾಗಿ ಬರುವಂಥದ್ದು. ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲೇ ಹೃದಯಾಘಾತದಿಂದ ಹೋದರು. ಆಗ ನಾನು ಚಿಕ್ಕವಳು, ಆದರೆ ಊಟ ಮಾಡಿ ಕೂತಿದ್ದವರು ಹೋಗೇಬಿಟ್ಟರಂತೆ ಎಂದು ದೊಡ್ಡವರು ವರ್ಷಗಟ್ಟಲೆ ಹೇಳುತ್ತಿದ್ದುದನ್ನು ಕೇಳಿಕೊಂಡೇ ಬೆಳೆದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದ ಮೇಲಂತೂ ಎದೆ ಸ್ವಲ್ಪ ಹಿಡಿದರೂ ಇಸಿಜಿ ಮಾಡಿಸುವವರು ಹೆಚ್ಚಾದರು. ತಾಲ್ಲೂಕು ಆಸ್ಪತ್ರೆಗಳಿಗೆ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯೂ ಬಂತು. ಅದೆಲ್ಲ ರಕ್ತದ ಕೊಳವೆ ಕಟ್ಟಿಕೊಳ್ಳುವವರಿಗೆ ಸಂಬಂಧಿಸಿದ್ದು. ನನ್ನದು ಕೊಳವೆಯ ತೊಂದರೆಯಲ್ಲ, ಕರೆಂಟಿನದು. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಕೆಳಕೋಣೆಗಳು ಯಾರನ್ನೂ ಕಾಯದೆ ತಮ್ಮಷ್ಟಕ್ಕೆ ನಿಧಾನವಾಗಿ ಬಡಿದುಕೊಳ್ಳುತ್ತವೆ, ನಿಮಿಷಕ್ಕೆ ಮೂವತ್ತಾರೋ ನಲವತ್ತೋ. ಶಾಲೆಗೆ ಹೋಗುವ ಏರು ಹತ್ತುವಾಗ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದೆ. ಸೋಮಾರಿ ಎಂದುಕೊಂಡಿದ್ದರು. ಹದಿನಾರರಲ್ಲಿ ಪೇಸ್‌ಮೇಕರ್ ಬಂತು. ಒಂದೇ ವೈರಿನದು.

ಅಪ್ಪನಿಗೆ ಇದನ್ನು ಅರ್ಥ ಮಾಡಿಸಲು ಯಾರೂ ಕಷ್ಟಪಡಬೇಕಾಗಲಿಲ್ಲ. ಕಳಸದಿಂದ ಸಂಸೆಯ ಕಡೆ ಹೋಗುವ ದಾರಿಯಲ್ಲಿ ನಾಲ್ಕೆಕರೆ ತೋಟ ಇಟ್ಟುಕೊಂಡವನಿಗೆ ಲೈನ್ ಫಾಲ್ಟ್ ಎಂದರೆ ಏನೆಂದು ಹೇಳಿಕೊಡಬೇಕೆ? ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದಿರುತ್ತದೆ. ಟ್ರಾನ್ಸ್‌ಫಾರ್ಮರ್ ಸರಿಯಾಗೇ ಇರುತ್ತದೆ, ಮನೆಯ ಬಲ್ಬೂ ಸರಿಯಾಗಿರುತ್ತದೆ, ನಡುವೆ ಎಲ್ಲಿ ಕಡಿದಿದೆ ಎಂದು ಹುಡುಕಿಕೊಂಡು ಲೈನ್‌ಮನ್ ಜಿಗಣೆ ಕಚ್ಚಿಸಿಕೊಂಡು ತೋಟ ತೋಟ ಅಲೆಯುತ್ತಾನೆ. ನಮಗೆ ಮೂರು ದಿನ ಕರೆಂಟಿಲ್ಲದಿದ್ದರೆ ವಿಶೇಷವೇನಲ್ಲ.

ಪೇಸ್‌ಮೇಕರಿಗೆ ಬ್ಯಾಟರಿ ಬಂದದ್ದೂ ಕರೆಂಟು ಹೋಗಿದ್ದರಿಂದಲೇ. ಮೊದಲಿನ ಯಂತ್ರಗಳು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥವು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಿದ್ಯುತ್ ಕೈಕೊಟ್ಟಿತು. ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದ ಒಂದು ಮಗು ತೀರಿಕೊಂಡಿತು. ಸರ್ಜನ್ ವಾಲ್ಟನ್ ಲಿಲ್ಲೆಹೈ, ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಅರ್ಲ್ ಬಾಕನ್ ಅವರನ್ನು ಬ್ಯಾಟರಿಯಲ್ಲಿ ಓಡುವಂಥದ್ದು ಮಾಡಿಕೊಡಲು ಕೇಳಿದರು. ಬಾಕನ್ ಗ್ಯಾರೇಜಿನಲ್ಲಿ ಕೂತು, ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ಬಂದಿದ್ದ ಮೆಟ್ರೊನೋಮ್ ಸರ್ಕ್ಯೂಟನ್ನು ಬದಲಾಯಿಸಿ, ಕೆಲವೇ ವಾರಗಳಲ್ಲಿ ತಯಾರು ಮಾಡಿದರು. ಸಂಗೀತಗಾರರು ತಾಳಕ್ಕೆ ಇಟ್ಟುಕೊಳ್ಳುವ ಟಿಕ್ ಟಿಕ್ ಯಂತ್ರ ಅದು. ಮರುವರ್ಷ, 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರಿಗೆ ದೇಹದ ಒಳಗೇ ಇಡುವ ಪೇಸ್‌ಮೇಕರ್ ಹಾಕಿದರು. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಮತ್ತೊಂದು ಹಾಕಿದರು. ಹೀಗೆ ಜೀವನದಲ್ಲಿ 26 ಪೇಸ್‌ಮೇಕರ್ ಕಂಡ ಲಾರ್ಸನ್, ತನಗೆ ಅದನ್ನು ಮಾಡಿಕೊಟ್ಟ ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಮತ್ತು ಸರ್ಜನ್ ಸೆನ್ನಿಂಗ್ ಇಬ್ಬರಿಗಿಂತ ಹೆಚ್ಚು ಕಾಲ ಬದುಕಿ, 2001ರಲ್ಲಿ ತಮ್ಮ 86ನೇ ವಯಸ್ಸಿನಲ್ಲಿ ಹೃದಯಕ್ಕೆ ಸಂಬಂಧವೇ ಇಲ್ಲದ ಕ್ಯಾನ್ಸರಿನಿಂದ ತೀರಿಕೊಂಡರು. ನನ್ನ ಹದಿನಾರನೆಯ ವಯಸ್ಸಿನಲ್ಲಿ ಯಾರಾದರೂ ಈ ಕತೆ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ವೈರು ತುಂಡಾಗಿದ್ದು ಗೊತ್ತಾದ ಬಗೆ ವಿಚಿತ್ರವಾಗಿತ್ತು. ನನ್ನ ಸಂಶೋಧನೆ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಹೇಳುವ ಕತೆಗಳ ಮೇಲೆ. ಅದಕ್ಕಾಗಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಸಂಪುಟ ಹುಡುಕುತ್ತಿದ್ದೆ. ಮೇಲಿನ ಕಪಾಟಿಗೆ ಎಡಗೈ ಚಾಚಿದರೆ ಕಣ್ಣು ಕತ್ತಲೆ. ಕೈ ಇಳಿಸಿದರೆ ಸರಿ. ಬಟ್ಟೆ ಒಣಗಿಸಲು ಹೋದಾಗಲೂ ಅದೇ. ಮಂಗಳೂರಿನ ಆಸ್ಪತ್ರೆಯಲ್ಲಿ, ಲ್ಯಾಪ್‌ಟಾಪಿನಂಥ ಯಂತ್ರಕ್ಕೆ ಜೋಡಿಸಿದ ಬಿಲ್ಲೆಯೊಂದನ್ನು ಎದೆಯ ಮೇಲಿಟ್ಟು ಟೆಕ್ನಿಷಿಯನ್ ಹುಡುಗ, 'ಅಕ್ಕ, ಎರಡೂ ಅಂಗೈ ಜೋಡಿಸಿ ಜೋರಾಗಿ ಒತ್ತಿ, ಈಗ ಎಡಗೈ ಮೇಲೆತ್ತಿ' ಎಂದ. ಎತ್ತಿದೆ. ಪರದೆಯ ಮೇಲೆ ಶಿಸ್ತಾಗಿ ಬರುತ್ತಿದ್ದ ಗೆರೆ ಗೀಚಿದ ಹಾಗಾಯಿತು. ತುಂಡಾದ ತಂತಿಯ ತುದಿಗಳು ಒಂದಕ್ಕೊಂದು ಉಜ್ಜಿದಾಗ ಹುಟ್ಟುವ ಗದ್ದಲ ಅದು. ಪೇಸ್‌ಮೇಕರ್ ಆ ಗದ್ದಲವನ್ನು ಹೃದಯದ ಬಡಿತವೆಂದೇ ತಿಳಿಯುತ್ತದೆ. ಹೃದಯ ತಾನೇ ಬಡಿಯುತ್ತಿದೆಯಲ್ಲ, ನನಗೇನು ಕೆಲಸ ಎಂದು ಸುಮ್ಮನಾಗುತ್ತದೆ. ಆ ಎರಡು ಮೂರು ಸೆಕೆಂಡು ನನಗೆ ಕತ್ತಲೆ.

ವೈರಿನ ಆರೋಗ್ಯವನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದವರೆಗೆ ಇರಬೇಕು. ಒಳಗಿನ ತಂತಿ ಕಡಿದರೆ ಅದು ಹಲವು ಸಾವಿರಕ್ಕೆ ಏರುತ್ತದೆ, ಮೇಲಿನ ಹೊದಿಕೆ ಹರಿದರೆ ತೀರಾ ಇಳಿಯುತ್ತದೆ. ನನ್ನದು ವರ್ಷಗಳ ಕಾಲ ಆರುನೂರರ ಆಸುಪಾಸಿನಲ್ಲಿದ್ದು, ಎರಡು ತಿಂಗಳ ಹಿಂದೆ ಏಣಿ ಹತ್ತಿದ ಹಾಗೆ ಮೂರು ಸಾವಿರ ದಾಟಿತ್ತು. ಎಕ್ಸ್‌ರೇಯಲ್ಲಿ ಕಾಲರ್ ಬೋನು ಮತ್ತು ಮೊದಲ ಪಕ್ಕೆಲುಬಿನ ನಡುವೆ ಅದು ಸಣ್ಣಗೆ ಮುರಿದಂತೆ ಕಾಣುತ್ತಿತ್ತು. ವೈರು ಹೆಚ್ಚಾಗಿ ಸೋಲುವ ಜಾಗವೇ ಅದಂತೆ. ಕೈ ಎತ್ತಿದಾಗಲೆಲ್ಲ ಎರಡು ಮೂಳೆಗಳ ನಡುವೆ ಅದು ಅರೆಯುತ್ತದೆ. ಮೇಲಾಗಿ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೂ ವೈರು ಬಳುಕುತ್ತದೆ. ಹನ್ನೆರಡು ವರ್ಷಕ್ಕೆ ನಲವತ್ತು ಕೋಟಿಗೂ ಮೇಲಾಯಿತು. ನಮ್ಮ ತೋಟದ ಗೇಟಿನ ಕಟ್ಟುತಂತಿ ನಾಲ್ಕು ದಿನ ಬಗ್ಗಿಸಿದರೆ ಕಡಿಯುತ್ತದೆ. ಇದು ಇಷ್ಟು ಕಾಲ ಬಾಳಿದ್ದೇ ಹೆಚ್ಚು ಎಂದು ನನಗನ್ನಿಸಿತು.

ವೈರಿನೊಳಗೆ ವಾಸ್ತವವಾಗಿ ಎರಡು ತಂತಿಗಳಿರುತ್ತವೆ. ಕಡಿದದ್ದು ಹೊರಗಿನದು. ಡಾಕ್ಟರು ಯಂತ್ರದಲ್ಲೇ ಏನೋ ಒತ್ತಿ, ಒಳತಂತಿಯೊಂದರಿಂದಲೇ ಕೆಲಸ ನಡೆಯುವಂತೆ, ಪೆಟ್ಟಿಗೆಯ ಲೋಹವೇ ಇನ್ನೊಂದು ತುದಿಯಾಗುವಂತೆ ಮಾಡಿದರು. ಅದರ ಬೆಲೆಯೆಂದರೆ, ಮುಂದಿನ ಹತ್ತು ದಿನ ನನ್ನ ಎದೆಯ ಸ್ನಾಯು ಪ್ರತಿ ಬಡಿತಕ್ಕೂ ಸಣ್ಣಗೆ ಅದುರಿತು. ನೋವಿಲ್ಲ. ಆದರೆ ಓದಲು ಕೂತರೆ ಯಾರೋ ಬೆರಳಿನಿಂದ ತಟ್ಟಿ ಕರೆಯುತ್ತಿರುವ ಹಾಗೆ.

ಆ ಭೇಟಿಯಲ್ಲೇ ಡಾಕ್ಟರು ಕೇಳಿದ್ದು: 'ನೋಡಮ್ಮ, ಹೊಸ ಲೀಡ್ ಹಾಕೋದು ಖಂಡಿತ. ಹಳೇದನ್ನ ಏನು ಮಾಡೋಣ?'

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬದಲಿಸುವುದೆಂದರೆ ಹಳೆಯದು ಹೋಗಿ ಹೊಸದು ಬರುವುದು ತಾನೆ? ಹಾಗಲ್ಲವಂತೆ. ಹೆಚ್ಚಿನ ಸಂದರ್ಭಗಳಲ್ಲಿ ಹಳೆಯ ವೈರಿನ ತುದಿಗೆ ಟೋಪಿ ಹಾಕಿ, ಜೇಬಿನಲ್ಲೇ ಹೊಲಿದು, ಪಕ್ಕದಲ್ಲೇ ಹೊಸದನ್ನು ಇಳಿಸುತ್ತಾರೆ. ಹಳೆಯದು ಹೃದಯಕ್ಕೆ ಕಚ್ಚಿಕೊಂಡೇ, ಪ್ರತಿ ಬಡಿತಕ್ಕೆ ಬಳುಕುತ್ತಲೇ, ಏನೂ ಕೆಲಸವಿಲ್ಲದೆ ಕೊನೆಯವರೆಗೆ ಇರುತ್ತದೆ. ಏಕೆಂದರೆ ಒಂದು ವರ್ಷ ದಾಟಿದ ಮೇಲೆ ರಕ್ತನಾಳದ ಗೋಡೆಯೂ ಹೃದಯದ ಗೋಡೆಯೂ ವೈರಿನ ಸುತ್ತ ಗಾಯದಂಥ ನಾರು ಬೆಳೆಸಿ ಅದನ್ನು ತಮ್ಮದಾಗಿಸಿಕೊಳ್ಳುತ್ತವೆ. ಎಳೆದರೆ ಗೋಡೆಯೂ ಬರಬಹುದು. ತೆಗೆಯಲೇಬೇಕೆಂದರೆ ವೈರಿನ ಮೇಲೆ ಲೇಸರಿನದೋ ತಿರುಗುವ ಅಲಗಿನದೋ ಕೊಳವೆಯೊಂದನ್ನು ಏರಿಸಿ, ಅಂಟಿದಲ್ಲೆಲ್ಲ ಬಿಡಿಸುತ್ತಾ ಹೋಗಬೇಕು. ದೊಡ್ಡ ರಕ್ತನಾಳ ಹರಿದರೆ ಎದೆ ತೆರೆಯಲು ಸರ್ಜನ್ ಪಕ್ಕದಲ್ಲೇ ಸಿದ್ಧವಿರಬೇಕು. ನುರಿತವರ ಕೈಯಲ್ಲೂ ನೂರಕ್ಕೆ ಒಬ್ಬಿಬ್ಬರಿಗೆ ದೊಡ್ಡ ಅಪಾಯವಾಗುತ್ತದೆ. ಸೋಂಕು ತಗುಲಿದ್ದರೆ ಮಾತ್ರ ಚರ್ಚೆಯೇ ಇಲ್ಲ, ಎಲ್ಲವನ್ನೂ ತೆಗೆಯಲೇಬೇಕು. ನನಗೆ ಸೋಂಕಿರಲಿಲ್ಲ.

'ನನಗೆ ಎಪ್ಪತ್ತಾಗಿದ್ದರೆ ಏನು ಮಾಡ್ತಿದ್ರಿ ಸಾರ್?'

'ಕೇಳ್ತಾನೇ ಇರ್ಲಿಲ್ಲ. ಅದನ್ನ ಅಲ್ಲೇ ಬಿಟ್ಟು ಹೊಸದು ಹಾಕ್ತಿದ್ದೆ.'

'ಇಪ್ಪತ್ತೆಂಟಕ್ಕೆ?'

'ಅದಕ್ಕೇ ಕೇಳ್ತಿರೋದು,' ಎಂದರು.

ಲೆಕ್ಕ ಸರಳವಾಗಿತ್ತು, ಆದರೆ ಹಿತವಾಗಿರಲಿಲ್ಲ. ಹೊಸ ವೈರು ಇನ್ನು ಹನ್ನೆರಡೋ ಹದಿನೈದೋ ವರ್ಷ ಬಂದರೆ, ನಲವತ್ತರ ಆಸುಪಾಸಿಗೆ ಮತ್ತೊಂದು, ಐವತ್ತೈದಕ್ಕೆ ಇನ್ನೊಂದು. ಒಂದೇ ರಕ್ತನಾಳದಲ್ಲಿ ಎಷ್ಟು ವೈರು ಹಿಡಿಸುತ್ತದೆ? ನಾಳ ಮುಚ್ಚಿಕೊಳ್ಳಬಹುದು, ಹೃದಯದ ಕವಾಟ ಸರಿಯಾಗಿ ಮುಚ್ಚದಿರಬಹುದು. ಮುಂದೆ ಯಾವತ್ತೋ ಸೋಂಕಾದರೆ ಇಪ್ಪತ್ತೈದು ವರ್ಷದ ವೈರನ್ನು ತೆಗೆಯಬೇಕಾಗುತ್ತದೆ, ಹನ್ನೆರಡು ವರ್ಷದ್ದಕ್ಕಿಂತ ಅದು ಕಷ್ಟ. ಒಳಗೆ ಬಿಟ್ಟ ವೈರಿದ್ದರೆ ಎಂಆರ್‌ಐ ಮಾಡಲು ಬಹಳ ಕಡೆ ಒಪ್ಪುವುದಿಲ್ಲ. ವೈರೇ ಇಲ್ಲದ, ಮಾತ್ರೆಯಂಥ ಪೇಸ್‌ಮೇಕರ್ ಬಂದಿದೆಯಲ್ಲ ಎಂದು ಕೇಳಿದೆ. ಅದನ್ನು ಹೃದಯದೊಳಗೇ ಬಿಡುತ್ತಾರೆ. ಹಲವು ಲಕ್ಷದ ಮಾತು, ಬ್ಯಾಟರಿ ಮುಗಿದಾಗ ಸಾಮಾನ್ಯವಾಗಿ ಇನ್ನೊಂದನ್ನು ಪಕ್ಕದಲ್ಲಿ ಹಾಕಬೇಕು. ನನ್ನ ವಯಸ್ಸಿಗೆ ಅದೂ ಅದೇ ಎಣಿಕೆಗೆ ಬರುತ್ತದೆ.

ಯೋಚಿಸಲು ಒಂದು ವಾರ ಕೊಟ್ಟರು. ನನ್ನ ಹೃದಯ ಹೇಗೂ ನಿಮಿಷಕ್ಕೆ ಮೂವತ್ತಾರಾದರೂ ತಾನೇ ಬಡಿಯುವುದರಿಂದ ಊರಿಗೆ ಹೋಗಬಹುದು, ಆದರೆ ಒಬ್ಬಳೇ ಇರಬಾರದು, ಎಡಗೈ ಎತ್ತಬಾರದು ಎಂದರು. ಜುಲೈ ತಿಂಗಳು. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದಳು. ಮನೆಯಲ್ಲಿ ಕರೆಂಟಿರಲಿಲ್ಲ. ಅಮ್ಮ ಹಂಡೆಯೊಲೆಯ ಮುಂದೆ ಕೂತು, ದೇವರೇ ಒಂದು ದಾರಿ ತೋರಿಸಲಿ ಎನ್ನುತ್ತಿದ್ದಳು. ಅಮ್ಮನಿಗೆ ತೆಗೆಸುವುದೇ ಸರಿ ಎಂದು ತೋರಿತ್ತು. ಮೈಯೊಳಗೆ ಕೆಟ್ಟುಹೋದದ್ದನ್ನು ಯಾಕೆ ಇಟ್ಟುಕೊಳ್ಳಬೇಕು? ಪಕ್ಕದ ಮನೆಯ ಅತ್ತೆ ಬಂದು, ಇಷ್ಟೆಲ್ಲ ಸಂಬಂಧ ನೋಡಲು ಬರುವವರಿಗೆ ಹೇಳಬೇಡಿ ಎಂದು ಪಿಸುಗುಟ್ಟಿ ಹೋದರು. ಗಾಯದ ಗೆರೆ ಕುತ್ತಿಗೆಯ ಪಕ್ಕದಲ್ಲೇ ಕಾಣುವಾಗ ಅದನ್ನು ಮುಚ್ಚಿಡುವುದು ಹೇಗೆಂದು ಮಾತ್ರ ಅವರು ಹೇಳಲಿಲ್ಲ.

ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಳೆ ಸ್ವಲ್ಪ ಬಿಟ್ಟಾಗ ತೋಟಕ್ಕೆ ಕರೆದುಕೊಂಡು ಹೋದ. ಒಂದು ಸಿಲ್ವರ್ ಮರದ ಬುಡದಲ್ಲಿ ಹೋದ ವರ್ಷ ನೆಟ್ಟ ಮೆಣಸಿನ ಬಳ್ಳಿಯಿತ್ತು. ಅದನ್ನು ಬೆರಳಲ್ಲಿ ಎಬ್ಬಿಸಿದ, ಸಲೀಸಾಗಿ ಬಂತು. ಇನ್ನೊಂದು ಮರಕ್ಕೆ ಹಬ್ಬಿದ್ದು ಅಜ್ಜನ ಕಾಲದ ಬಳ್ಳಿ. ಸೊರಗು ರೋಗ ಬಂದು ಒಣಗಿ ಎರಡು ವರ್ಷವಾಗಿತ್ತು, ಆದರೂ ಮರ ಬಿಟ್ಟಿರಲಿಲ್ಲ. ಗಂಟುಗಂಟಿಗೂ ಬಿಟ್ಟ ಬೇರು ತೊಗಟೆಯೊಳಗೇ ಹೋಗಿತ್ತು. ಅಪ್ಪ ಎಳೆದ. ಅಂಗೈಯಗಲ ತೊಗಟೆ ಕಿತ್ತು ಬಂತು.

'ಮರ ಬದುಕಬೇಕಲ್ಲ ಮಗ,' ಎಂದ. ಅಷ್ಟೇ.

ನಾನು ಅಪ್ಪನಷ್ಟು ಬೇಗ ಒಪ್ಪಲಿಲ್ಲ. ಮರಕ್ಕೆ ಎಂಆರ್‌ಐ ಬೇಕಾಗುವುದಿಲ್ಲ. ಮರದ ಮೇಲೆ ಎರಡನೆಯ ಬಳ್ಳಿಗೆ ಯಾವಾಗಲೂ ಜಾಗವಿರುತ್ತದೆ. ಹೋಲಿಕೆಗಳನ್ನು ಬಿಡಿಸಿ ನೋಡುವುದೇ ನನ್ನ ಓದಿನ ಕೆಲಸವಾದ್ದರಿಂದ ಅಪ್ಪನ ಹೋಲಿಕೆಯನ್ನೂ ರಾತ್ರಿಯೆಲ್ಲ ಬಿಡಿಸಿದೆ. ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಂತೆ: ನಾಳದಲ್ಲಿ ಜಾಗವಿದೆಯೇ? ಡಾಕ್ಟರಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. ಕೈಯ ನರಕ್ಕೆ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇಯಲ್ಲಿ ನೋಡಿದರೆ ತಿಳಿಯುತ್ತದೆ, ಹೇಗೂ ಮೊದಲು ಅದನ್ನೇ ಮಾಡುವುದು ಎಂದರು. ದಾರಿ ಮುಚ್ಚಿದ್ದರೆ ತೆಗೆಸುವುದು, ಅದಕ್ಕೆ ಬೆಂಗಳೂರಿಗೆ ಹೋಗುವುದು. ತೆರೆದಿದ್ದರೆ ಈ ಸಲಕ್ಕೆ ಬಿಡುವುದು. 'ಈ ಸಲಕ್ಕೆ' ಎಂಬುದನ್ನು ಎರಡು ಸಲ ಹೇಳಿದೆ. ಅವರು ಹೂಂ ಎಂದರು.

ಚಾರ್ಮಾಡಿಯಲ್ಲಿ ಗುಡ್ಡ ಕುಸಿಯುತ್ತಿದೆ ಎಂಬ ಸುದ್ದಿಯಿದ್ದುದರಿಂದ ಕುದುರೆಮುಖ, ಬಜಗೋಳಿ, ಕಾರ್ಕಳದ ಮೇಲೆ ಇಳಿದೆವು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ತಿಂಗಳುಗಟ್ಟಲೆ ಮುಚ್ಚಿದ್ದನ್ನು ಕಂಡ ಮೇಲೆ ನಮ್ಮ ಕಡೆಯವರು ಮಳೆಗಾಲದಲ್ಲಿ ಆಸ್ಪತ್ರೆಯ ತಾರೀಕಿಗೆ ಹಿಂದಿನ ದಿನವೇ ಹೊರಡುತ್ತಾರೆ. ದುಡ್ಡಿನ ವಿಷಯವನ್ನೂ ಹೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಮ್ಮದು ಎಪಿಎಲ್. ಪ್ಯಾಕೇಜಿನ ಶೇಕಡಾ 30 ಮಾತ್ರ ಸರ್ಕಾರದ್ದು. ಉಳಿದದ್ದು ಆ ವರ್ಷದ ಮೆಣಸು.

ಮುಂದಿನದನ್ನು, ಇದೇ ದಾರಿಯಲ್ಲಿರುವ ಯಾರಾದರೂ ಓದಬಹುದೆಂದು, ಇದ್ದ ಹಾಗೆ ಬರೆಯುತ್ತೇನೆ. ಆರು ಗಂಟೆ ಮೊದಲಿಂದ ಊಟವಿಲ್ಲ. ಕೊಯ್ಯುವ ಮುಂಚೆ ಆಂಟಿಬಯಾಟಿಕ್ ಇಂಜೆಕ್ಷನ್. ಒಮ್ಮೆ ತೆರೆದ ಜೇಬನ್ನು ಮತ್ತೆ ತೆರೆಯುವಾಗ ಸೋಂಕಿನ ಭಯ ಮೊದಲ ಸಲಕ್ಕಿಂತ ಹೆಚ್ಚು, ಹಾಗಾಗಿ ಅವರ ಶುಚಿ ನಮ್ಮ ಮಡಿಯನ್ನೂ ಮೀರಿಸುವಂತಿತ್ತು. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಭುಜದ ಜಾಗವನ್ನು ಮಾತ್ರ ಮರಗಟ್ಟಿಸುತ್ತಾರೆ. ಮೊದಲು ಬಣ್ಣ ಬಿಟ್ಟರು. ಪರದೆಯ ಮೇಲೆ ಕಪ್ಪು ಹೊಳೆಯೊಂದು ತೋಳಿನಿಂದ ಹರಿದು ಬಂತು. ಮುರಿದ ಜಾಗದ ಬಳಿ ಸಣ್ಣದಾಯಿತು, ನಿಂತಿತೇನೋ ಎನಿಸಿತು, ಮತ್ತೆ ಮುಂದೆ ಹೋಯಿತು.

'ಕಿರಿದಾಗಿದೆ. ಆದರೆ ದಾರಿ ಇದೆ,' ಎಂದರು ಡಾಕ್ಟರು.

ತೊಡೆಯ ಸಂದಿನ ರಕ್ತನಾಳದಿಂದ ಒಂದು ತಾತ್ಕಾಲಿಕ ವೈರು ಹೃದಯಕ್ಕೆ ಹೋಯಿತು, ಬದಲಿಸುವಷ್ಟು ಹೊತ್ತು ಬಡಿತ ಕಾಯಲು. ಜೇಬು ತೆರೆಯುವಾಗ ನೋವಿಲ್ಲ, ಒತ್ತಡ ಮಾತ್ರ ಇದೆ. ಬಿಗಿಯಾದ ರವಿಕೆಯನ್ನು ಯಾರೋ ಒಳಗಿನಿಂದ ಎಳೆಯುತ್ತಿರುವ ಹಾಗೆ. ಹಳೆಯ ವೈರನ್ನು ಪೆಟ್ಟಿಗೆಯಿಂದ ಬಿಚ್ಚಲು ಪುಟ್ಟ ಸ್ಕ್ರೂಡ್ರೈವರ್ ಬಳಸುತ್ತಾರೆ, ಅದು ಕಟಕ್ ಎನ್ನುವುದು ನನಗೆ ಕೇಳಿತು. ಹೊಸ ವೈರು ಹಳೆಯದನ್ನು ಸವರಿಕೊಂಡು ಇಳಿಯುವುದನ್ನು ಪರದೆಯ ಮೇಲೆ ನೋಡಿದೆ. ಎರಡು ಸಲ ತುದಿ ಊರಿದ ಜಾಗ ಸರಿಯಿಲ್ಲವೆಂದು ಬಿಚ್ಚಿ ಬೇರೆಡೆ ಊರಿದರು. ಆಮೇಲೆ ಜೋರಾಗಿ ಉಸಿರೆಳೆದುಕೊಳ್ಳಿ, ಕೆಮ್ಮಿ ಎಂದರು, ಅದು ಕದಲುವುದಿಲ್ಲ ತಾನೇ ಎಂದು ನೋಡಲು. ಕರೆಂಟನ್ನು ಪೂರ್ತಿ ಏರಿಸಿ, ಹೊಟ್ಟೆಯ ಮೇಲ್ಭಾಗ ಬಿಕ್ಕಳಿಕೆಯಂತೆ ಹಾರುತ್ತದೆಯೇ ಎಂದು ಕೇಳಿದರು. ಇಲ್ಲ. ಒಟ್ಟು ಒಂದೂವರೆ ಗಂಟೆ. ಎದೆಯ ಅದುರುವಿಕೆ ನಿಂತಿತ್ತು. ಅದು ನಿಂತದ್ದೇ ನನಗೆ ವಿಚಿತ್ರವೆನಿಸಿತು.

ಶ್ವಾಸಕೋಶಕ್ಕೆ ಸೂಜಿ ತಾಗಿಲ್ಲವೆಂದು ಎಕ್ಸ್‌ರೇ ನೋಡಿ ಖಚಿತಪಡಿಸಿಕೊಂಡು ಮಾರನೆಯ ದಿನ ಬಿಟ್ಟರು. ನಿಜವಾದ ಕಷ್ಟ ಆಮೇಲಿನ ಆರು ವಾರ. ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಕೊಡ ಹೊರಬಾರದು. ಹಾಗೆಂದು ಕೈಯನ್ನು ಜೋಳಿಗೆಯಲ್ಲಿಟ್ಟು ಕೂತರೆ ಭುಜ ಬಿಗಿದು ಇನ್ನೊಂದು ಕಾಯಿಲೆಯಾಗುತ್ತದೆ, ಅಷ್ಟರೊಳಗೇ ಆಡಿಸುತ್ತಿರಬೇಕು. ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಇಪ್ಪತ್ತೆಂಟು ವರ್ಷದವಳಿಗೆ ಅಮ್ಮ ದಿನಾ ತಲೆ ಬಾಚಿದಳು. ಮಳೆಗಾಲದಲ್ಲಿ ಗಾಯವನ್ನು ಒಣಗಿಸಿಟ್ಟುಕೊಳ್ಳುವುದು ಎಂಥ ಸಾಹಸ ಎನ್ನುವುದು ಒಗೆದ ಬಟ್ಟೆ ವಾರಗಟ್ಟಲೆ ಒಲೆಯ ಮೇಲೆ ಒಣಗುವ ಊರಿನವರಿಗೇ ಗೊತ್ತು. ಕೆಂಪಾದರೆ, ಬಿಸಿಯಾದರೆ, ಕೀವು ಕಂಡರೆ, ಜ್ವರ ಬಂದರೆ ಊರಿನಲ್ಲಿ ಮಾತ್ರೆ ತಗೊಂಡು ಕಾಯದೆ ನೇರ ಬರಬೇಕೆಂದು ಹೇಳಿದ್ದರು. ಅಪ್ಪ ಪ್ರತಿ ಸಂಜೆ ಟಾರ್ಚ್ ಹಾಕಿ ನೋಡಿ, 'ಒಣಗ್ತಾ ಇದೆ' ಎನ್ನುತ್ತಿದ್ದ. ಕಾಫಿ ಬೀಜದ ಬಗ್ಗೆ ಹೇಳುವ ಧಾಟಿಯಲ್ಲೇ.

ತೋಟದ ಮನೆಗೆ ಬೇಕಾದ ಕೆಲವು ಪ್ರಶ್ನೆಗಳನ್ನು ಅವನೇ ಕೇಳಿಕೊಂಡು ಬಂದಿದ್ದ. ಕಳೆ ಹೊಡೆಯುವ ಮಿಷನ್ನಿನ ಎಂಜಿನ್ನನ್ನು ಎದೆಗೆ ಹತ್ತಿರ ಹಿಡಿಯಬಾರದು. ಆನೆಗೆಂದು ಹಾಕಿದ ಐಬೆಕ್ಸ್ ಬೇಲಿ ಮುಟ್ಟಬಾರದು. ಮೊಬೈಲನ್ನು ಎಡಜೇಬಿನಲ್ಲಿ ಇಡಬಾರದು. ಮಿಕ್ಸಿ, ಫ್ರಿಜ್ಜು, ಟೀವಿಗೆ ಹೆದರಬೇಕಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ತಪಾಸಣೆಗೆ ಹೋದೆ. ಅದೇ ಟೆಕ್ನಿಷಿಯನ್ ಹುಡುಗ ಅಂಗೈ ಒತ್ತಲು, ಕೈ ಎತ್ತಲು ಹೇಳಿದ. ಗೆರೆ ಕದಲಲಿಲ್ಲ. ಓಮ್ 640. ಪರ್ಸಿನಲ್ಲಿ ಇಟ್ಟುಕೊಳ್ಳುವ ಕಾರ್ಡಿನಲ್ಲಿ ಈಗ ವೈರಿಗೆ ಎರಡು ಸಾಲುಗಳಿವೆ. ಮೇಲಿನದರಲ್ಲಿ ಹದಿನಾರನೆಯ ವಯಸ್ಸಿನ ತಾರೀಕು, ಮುಂದೆ 'ಬಳಕೆಯಲ್ಲಿಲ್ಲ' ಎಂಬರ್ಥದ ಒಂದು ಪದ. ಕೆಳಗಿನದು ಜುಲೈ ತಿಂಗಳದ್ದು. ಯಾರಾದರೂ ಎಂಆರ್‌ಐಗೆ ಕಳಿಸಿದರೆ ಮೊದಲು ಆ ಮೇಲಿನ ಸಾಲನ್ನು ತೋರಿಸಬೇಕೆಂದು ಡಾಕ್ಟರು ಹೇಳಿದರು. ಹೊಸದನ್ನು ಮೊದಲಿಗಿಂತ ಸ್ವಲ್ಪ ಹೊರಮಗ್ಗುಲಿನಿಂದ ನಾಳಕ್ಕೆ ಇಳಿಸಿದ್ದಾರಂತೆ, ಮೂಳೆಗಳ ನಡುವೆ ಸಿಕ್ಕಿ ಅರೆಯದ ಹಾಗೆ. ಮುಂದಿನ ಸಲ ತೆಗೆಸುವ ಮಾತನ್ನು ಮೊದಲೇ ಆಡೋಣ ಎಂದೆ. 'ಅಷ್ಟೊತ್ತಿಗೆ ಇನ್ನೂ ಒಳ್ಳೆ ಸಾಧನ ಬಂದಿರ್ತದೆ,' ಎಂದರು. 'ಬರದಿದ್ದರೂ ಆಡೋಣ ಸಾರ್' ಎಂದೆ. ನಕ್ಕು ಫೈಲಿನ ಒಳರಟ್ಟಿನ ಮೇಲೆ ಏನೋ ಬರೆದುಕೊಂಡರು.

ಬಾಗಿಲ ಬಳಿ ಕಾದಿದ್ದ ಅಪ್ಪ ಕೇಳಿದ್ದು ಒಂದೇ: ಡಿಸೆಂಬರಿಗೆ ಹಣ್ಣು ಕುಯ್ಯಬಹುದಾ? ಕೈಗೆಟುಕುವ ರೆಕ್ಕೆಯದಾದರೆ ಕುಯ್ಯಬಹುದು, ಏಣಿ ಬೇಡ ಎಂದಿದ್ದಾರೆ ಎಂದೆ.

'ಹಾಗಾದ್ರೆ ಕೆಳಗಿನ ಅರೇಬಿಕಾ ಪಟ್ಟೆ ನಿಂದು,' ಎಂದ.